36 ಡ್ರಾಯರ್‌ಗಳ ಪ್ಲಾಸ್ಟಿಕ್ ಕಪಾಟು: ಹೆಂಚಿನ ಮನೆಯ ದುರಸ್ತಿಯಲ್ಲಿ ಐದು ಮಳೆಗಾಲ ಬಳಸಿದ ಮೇಲೆ

ಕೊಂಡದ್ದು 2020ರ ಡಿಸೆಂಬರ್‌ನಲ್ಲಿ, ಆನ್‌ಲೈನ್ ಮಳಿಗೆಯಿಂದ, 2,640 ರೂಪಾಯಿಗೆ. ಗಟ್ಟಿ ಕಪ್ಪು ಪ್ಲಾಸ್ಟಿಕ್ಕಿನ ಚೌಕಟ್ಟು, ಒಳಗೆ ಗಾಜಿನಂತೆ ಕಾಣುವ 36 ಡ್ರಾಯರ್‌ಗಳು. ಮೇಲೆ ಅಂಗೈಯಗಲದ 30, ಕೆಳಗೆ ಸ್ವಲ್ಪ ದೊಡ್ಡವು ಆರು. ಸ್ಕ್ರೂ, ವಾಶರ್, ಕೊಕ್ಕೆ, ಚಿಲಕದ ಕಡ್ಡಿ ಮುಂತಾದ ಸಣ್ಣ ಸಾಮಾನುಗಳಿಗೆಂದೇ ಮಾಡಿದ್ದು. ಮಳಿಗೆಯಲ್ಲಿ ಇದರ ಕೆಳಗೆ ನಾನು ಓದಿದ ಹೊಗಳಿಕೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ವಾರದಲ್ಲಿಯೇ ಬರೆದವು. ನಮ್ಮ ಕರಾವಳಿಯಲ್ಲಿ ಒಂದು ವಸ್ತುವಿನ ಗುಣ ತಿಳಿಯಬೇಕಾದರೆ ಅದು ಆಟಿ ತಿಂಗಳೊಂದನ್ನಾದರೂ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳೊಂದನ್ನಾದರೂ, ದಾಟಬೇಕು. ನನ್ನದು ಐದು ಆಟಿ ಕಂಡಿದೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮೊದಲ ಮಳೆಗಾಲ ಮುಗಿದಾಗ ಕೇಳಿದ್ದರೆ ಒಂದು ಕೊಡುತ್ತಿದ್ದೆ. ನಡುವೆ ಬದಲಾದದ್ದು ಕಪಾಟಲ್ಲ, ಅದನ್ನು ಇಟ್ಟ ಜಾಗ ಮತ್ತು ಅದರಲ್ಲಿ ಸಾಮಾನು ತುಂಬಿದ ಕ್ರಮ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಉಡುಪಿಯಿಂದ ಉತ್ತರಕ್ಕೆ, ಕಲ್ಯಾಣಪುರದಲ್ಲಿ, ಸುವರ್ಣಾ ನದಿಗೆ ಸಮೀಪ ನನ್ನ ತಾಯಿಯ ಮನೆ ಇದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹೆಂಚಿನ ಮಾಡು, 19 ಕಿಟಕಿ, 11 ಬಾಗಿಲು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನಾನು 2019ರಲ್ಲಿ ನಿವೃತ್ತಳಾದ ಮೇಲೆ ಆ ಮನೆಯ ಮರದ ಕೆಲಸವನ್ನೆಲ್ಲ ಒಂದೊಂದಾಗಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಲು ಹೊರಟೆ. ಒಂದು ಕಿಟಕಿಗೆ ನಾಲ್ಕು ಕದ, ಪ್ರತಿ ಕದಕ್ಕೆ ಎರಡು ಹಿತ್ತಾಳೆಯ ಬಿಜಾಗರಿ, ಪ್ರತಿ ಬಿಜಾಗರಿಗೆ ಆರು ಸ್ಕ್ರೂ. ಅಂದರೆ ಒಂದು ಕಿಟಕಿಗೆ 48 ಸ್ಕ್ರೂ, ಹತ್ತೊಂಬತ್ತಕ್ಕೆ 912. ಇದಕ್ಕೆ ಬಾಗಿಲುಗಳ ಅಗುಳಿ, ಚಿಲಕ, ಕೊಂಡಿಗಳನ್ನು ಸೇರಿಸಿಕೊಳ್ಳಿ. ಮೊದಲ ವರ್ಷ ಇವೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಹಳೆಯ ಕೊಟ್ಟಿಗೆಯ ನೆಲದ ಮೇಲೆ ಇದ್ದವು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಸುತ್ತಮುತ್ತ ನೆರೆ ಏರಿತಲ್ಲ, ಆ ದಿನ ಕೊಟ್ಟಿಗೆಯೊಳಗೆ ಮೊಳಕಾಲುದ್ದ ನೀರು ನಿಂತಿತು. ನೀರು ಇಳಿದ ಮೇಲೆ ಕೆಸರಿನಲ್ಲಿ ಕೈಯಾಡಿಸಿ, ನಮ್ಮ ಅಜ್ಜನ ಕಾಲದ ಕೊಕ್ಕೆಗಳನ್ನು ಒಂದೊಂದಾಗಿ ಹೆಕ್ಕಿದೆ. ಎಲ್ಲವೂ ಸಿಗಲಿಲ್ಲ. ಇನ್ನು ಮೇಲೆ ಯಾವ ಸಾಮಾನೂ ನೆಲದ ಮೇಲೆ ಇರಬಾರದೆಂದು ಅಂದೇ ತೀರ್ಮಾನಿಸಿದೆ.

ಕಪಾಟು ಬಂತು. ಅದರೊಂದಿಗೆ ಗೋಡೆಗೆ ತೂಗುಹಾಕಲು ಎರಡು ಪ್ಲಾಸ್ಟಿಕ್ ಪ್ಲಗ್ ಮತ್ತು ಎರಡು ಸ್ಕ್ರೂಗಳೂ ಬಂದವು. ಕಾಂಕ್ರೀಟ್ ಗೋಡೆಗೆ ಅವು ಸಾಕಾಗಬಹುದು. ಮುರಕಲ್ಲಿಗೆ ಏನೇನೂ ಸಾಲದು. ಮುರಕಲ್ಲಿನ ಮೈಯಲ್ಲಿಯೇ ತೂತುಗಳಿರುತ್ತವೆ, ಡ್ರಿಲ್ ಬಿಟ್ ಗಟ್ಟಿ ಭಾಗವನ್ನು ಬಿಟ್ಟು ಮೆತ್ತನೆಯ ಕಡೆಗೆ ಜಾರುತ್ತದೆ, ತೂತು ಅಂಡಾಕಾರವಾಗುತ್ತದೆ. ಹದಿನೈದು ದಿನಗಳಲ್ಲಿ ಪ್ಲಗ್ ಕೆಂಪು ಪುಡಿಯೊಂದಿಗೆ ಕಿತ್ತು ಬಂತು. ನಾನು ಅಲ್ಲೇ ಇದ್ದುದರಿಂದ ಕಪಾಟನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ. ಹಳೆಯ ಮನೆಯವರು ಇದನ್ನು ಗೋಡೆಗೆ ಹಾಕಲೇಬೇಡಿ. ತುಂಬಿದ ಮೇಲೆ ಇದರ ತೂಕ ಹನ್ನೆರಡು ಕಿಲೋ ಮೀರುತ್ತದೆ. ಮೇಜಿನ ಮೇಲೆ ಇಡಿ, ಹಿಂದೆ ಒಂದು ಹಲಗೆಯ ಆಸರೆ ಕೊಡಿ, ಸಾಕು.

ಮೊದಲ ಪೆಟ್ಟು ಮಳೆಗಾಲಕ್ಕೂ ಮೊದಲೇ ಬಿತ್ತು. 2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋಯಿತು. ಸಾಮಾನ್ಯವಾಗಿ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ಭಾಗದಲ್ಲಿ ಬರುವ ತುಳುವರ ವಿಶೇಷ ದಿನದ ಹೊತ್ತಿಗೆ, ಮಾಡಿನ ಹೆಂಚು ಸರಿಪಡಿಸಿ ಮುಗಿದಿರುತ್ತದೆ. ಆ ವರ್ಷ ಗಾಳಿ ಅದಕ್ಕೂ ಮುಂಚೆ ಬಂತು. ಕೊಟ್ಟಿಗೆಯ ಮೇಲಿನ ನಾಲ್ಕು ಹೆಂಚು ಸರಿದು, ನೀರು ನೇರವಾಗಿ ಕಪಾಟಿನ ಮೇಲೆ ಸುರಿಯಿತು. ಚೌಕಟ್ಟಿನ ನೆತ್ತಿ ಮುಚ್ಚಿದೆ ನಿಜ, ಆದರೆ ನೀರು ಮುಂಭಾಗದಿಂದ ಇಳಿದು ಡ್ರಾಯರ್‌ಗಳ ತುಟಿಯ ಮೂಲಕ ಒಳಗೆ ಹೋಗುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಎರಡು ದಿನಗಳ ಮೇಲೆ ನೋಡಿದರೆ 14 ಡ್ರಾಯರ್‌ಗಳಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ನೀರು, ಅದರಲ್ಲಿ ಮುಳುಗಿದ ಸ್ಕ್ರೂಗಳು. ತಯಾರಕರು ಪ್ರತಿ ಡ್ರಾಯರ್‌ನ ತಳದಲ್ಲಿ ಎರಡು ಸಣ್ಣ ತೂತು ಬಿಟ್ಟಿದ್ದರೆ ಇಷ್ಟು ನಷ್ಟ ಆಗುತ್ತಿರಲಿಲ್ಲ. ನಾನೇ ತೂತು ಮಾಡಲು ಹೋದೆ. ಪ್ಲಾಸ್ಟಿಕ್ ಬಿರುಕು ಬಿಟ್ಟಿತು, ಅಲ್ಲಿಗೆ ನಿಲ್ಲಿಸಿದೆ.

ಆ ಪ್ಲಾಸ್ಟಿಕ್ಕಿನ ಬಗ್ಗೆ ಒಂದು ಮಾತು. ಡ್ರಾಯರ್‌ನ ತಳದಲ್ಲಿ ತ್ರಿಕೋನದೊಳಗೆ 6 ಎಂಬ ಅಂಕೆ ಇದೆ. ಅಂದರೆ ಪಾಲಿಸ್ಟೈರೀನ್. ಸ್ಫಟಿಕದಂತೆ ಸ್ವಚ್ಛ, ಒಳಗಿನದು ಚೆನ್ನಾಗಿ ಕಾಣುತ್ತದೆ, ಆದರೆ ಬಾಗುವುದಿಲ್ಲ, ಒಡೆಯುತ್ತದೆ. ಅಂಕೆ 5 ಇದ್ದರೆ ಪಾಲಿಪ್ರೊಪಿಲೀನ್: ಹಾಲಿನಂತೆ ಮಸುಕು, ಆದರೆ ಬಿದ್ದರೂ ತಡೆದುಕೊಳ್ಳುತ್ತದೆ. ನೆನೆದ ಸ್ಕ್ರೂಗಳನ್ನು ಉಳಿಸುವ ಅವಸರದಲ್ಲಿ ನಾನು ತುಕ್ಕು ತಡೆಯುವ ಸ್ಪ್ರೇಯನ್ನು ಡ್ರಾಯರ್‌ಗಳೊಳಗೇ ಹೊಡೆದೆ. ತಿಂಗಳೊಳಗೆ ನಾಲ್ಕು ಡ್ರಾಯರ್‌ಗಳ ಮೂಲೆಗಳಲ್ಲಿ ಜೇಡರ ಬಲೆಯಂಥ ಗೆರೆಗಳು ಮೂಡಿದವು, ಆಮೇಲೆ ಮೂಲೆಗಳೇ ಕಳಚಿ ಬಂದವು. ಪಾಲಿಸ್ಟೈರೀನ್‌ಗೆ ಇಂಥ ಎಣ್ಣೆ, ದ್ರಾವಕ, ಟರ್ಪೆಂಟೈನ್ ಯಾವುದೂ ಸೋಕಬಾರದು. ಮಕ್ಕಳಿಗೆ ಪ್ಲಾಸ್ಟಿಕ್‌ಗಳ ಪಾಠ ಮಾಡಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ. ಸ್ಕ್ರೂಗೆ ಎಣ್ಣೆ ಬೇಕಿದ್ದರೆ ಬಟ್ಟೆಯಲ್ಲಿ ಹೊರಳಿಸಿ, ಒರೆಸಿ, ಆಮೇಲೆ ಒಳಗಿಡಿ.

ಐದು ವರ್ಷಗಳಲ್ಲಿ ಒಟ್ಟು ಏಳು ಡ್ರಾಯರ್‌ಗಳು ಹೋಗಿವೆ: ಸ್ಪ್ರೇಯಿಂದ ನಾಲ್ಕು, ಕೈಜಾರಿ ಬಿದ್ದು ಎರಡು, ಮೂರಿಂಚಿನ ಮೊಳೆ ತುಂಬಿದ ಭಾರಕ್ಕೆ ಒಂದು. ಬಿಡಿ ಡ್ರಾಯರ್ ಕೊಡುತ್ತೀರಾ ಎಂದು ಮಾರಾಟಗಾರರಿಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ಒಂದೇ ಉತ್ತರ ಬಂತು, ಹೊಸ ಕಪಾಟು ಕೊಳ್ಳಿ ಎಂದು. ಒಂದು ಅಂಕ ಕಳೆದದ್ದು ಮುಖ್ಯವಾಗಿ ಇದಕ್ಕೆ. ಮಾಡಿನ ಮರದ ಪಟ್ಟಿಗಳಾದ ರೀಪು, ಪಕ್ಕಾಸುಗಳಿಗೆ ಬೇಕಾಗುವ ದೊಡ್ಡ ಮೊಳೆಗಳು ಈಗ ಅಮ್ಮನ ಉಪ್ಪಿನಕಾಯಿ ಭರಣಿಯಲ್ಲಿವೆ, ಅಲ್ಲಿ ಚೆನ್ನಾಗಿಯೂ ಇವೆ.

ಆ ಮೊದಲ ಮಳೆಗಾಲದಲ್ಲಿ ನಾನು ಇನ್ನೊಂದು ಖರ್ಚು ಮಾಡಿದೆ. ಡ್ರಾಯರ್‌ಗಳಿಗೆ ಮುಚ್ಚಳವಿಲ್ಲ, ತೇವ ಒಳಗೆ ಬರುತ್ತದೆ ಎಂದು ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ಮೂರು ಡಬ್ಬಗಳನ್ನು ತಲಾ 450 ರೂಪಾಯಿಗೆ ತಂದೆ. ಹೊಸ ಸತುಲೇಪದ ಸ್ಕ್ರೂಗಳನ್ನೆಲ್ಲ ಅಂಗಡಿಯ ಕಾಗದದ ಪೊಟ್ಟಣಗಳ ಸಮೇತ ಜುಲೈ ತಿಂಗಳಲ್ಲಿ ಅವುಗಳೊಳಗಿಟ್ಟು ಮುಚ್ಚಿದೆ. ಸೆಪ್ಟೆಂಬರ್‌ನಲ್ಲಿ ತೆರೆದಾಗ ಸ್ಕ್ರೂಗಳ ಮೇಲೆ ಸುಣ್ಣದಂಥ ಬಿಳಿ ಪುಡಿ. ತೆರೆದ ಡ್ರಾಯರ್‌ನಲ್ಲಿದ್ದ ಅದೇ ಜಾತಿಯ ಸ್ಕ್ರೂಗಳು ಇವಕ್ಕಿಂತ ವಾಸಿಯಾಗಿದ್ದವು! ಇದು ಬಿಳಿ ತುಕ್ಕು. ಗಾಳಿಯಾಡುವ ಕಡೆ ಸತುವಿನ ಮೇಲೆ ತೆಳುವಾದ ಗಟ್ಟಿ ಪದರ ಕಟ್ಟಿಕೊಂಡು ಅದೇ ಕಾವಲಾಗುತ್ತದೆ. ಗಾಳಿಯಾಡದ ತೇವದಲ್ಲಿ ಆ ಪದರ ಕಟ್ಟುವುದಿಲ್ಲ, ಸತು ಪುಡಿಯಾಗುತ್ತಾ ಹೋಗುತ್ತದೆ. ತೇವ ಬಂದದ್ದಾದರೂ ಎಲ್ಲಿಂದ? ಡಬ್ಬದೊಳಗಿನ ಗಾಳಿಯಲ್ಲಿರುವ ನೀರು ಅತ್ಯಲ್ಪ. ನೀರನ್ನು ಹೊತ್ತು ತಂದದ್ದು ಕಾಗದ. ಆಟಿಯಲ್ಲಿ ಪತ್ರಿಕೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಮೆತ್ತನೆಯೇ ನೀರು. ಅದನ್ನು ನಾನೇ ಒಳಗಿಟ್ಟು ಬೀಗ ಹಾಕಿದ್ದೆ. ಈಗ ಆ ಡಬ್ಬಗಳಿಗೆ ಕಾಗದ ಹೋಗುವುದಿಲ್ಲ. ಪ್ರತಿಯೊಂದರಲ್ಲಿ 50 ಗ್ರಾಂ ಸಿಲಿಕಾ ಜೆಲ್ ಇರುತ್ತದೆ, ಮತ್ತು ತುಂಬುವ ಕೆಲಸ ಫೆಬ್ರುವರಿಯ ಒಣ ಹವೆಯಲ್ಲಿ ಆಗುತ್ತದೆ. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನು ಕೇಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕಿತ್ತಳೆಯದು ಹಸಿರಾದಾಗ 120 ಡಿಗ್ರಿಯಲ್ಲಿ ಎರಡು ಗಂಟೆ ಒವನ್‌ನಲ್ಲಿ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ಅಡುಗೆಯ ಪಾತ್ರೆ ಬಳಸಬೇಡಿ.

ಕಪಾಟನ್ನು ನಿಜವಾಗಿ ಕಾಪಾಡಿದ್ದು ಬೇರೆಯೇ ಉಪಾಯ. ಮನೆಯಲ್ಲಿ ಹಲಸಿನ ಮರದ ಮೂರಡಿ ಎತ್ತರದ ಗೂಡುಕಪಾಟು ಒಂದಿತ್ತು, ಅಜ್ಜಿ ಅದರಲ್ಲಿ ರೇಷ್ಮೆ ಸೀರೆ ಇಡುತ್ತಿದ್ದರು. ಮಳೆಗಾಲದಲ್ಲಿ ಅದರ ಕೆಳಗಿನ ಖಾನೆಯಲ್ಲಿ ಬಲ್ಬ್ ಉರಿಯುತ್ತಿದ್ದುದು ನನಗೆ ನೆನಪಿತ್ತು. 2022ರ ಜೂನ್‌ನಲ್ಲಿ ಪ್ಲಾಸ್ಟಿಕ್ ಕಪಾಟನ್ನು ಇಡಿಯಾಗಿ ಅದರೊಳಗೆ ಇಟ್ಟೆ, ತೇವಾಂಶ ಅಳೆಯುವ ಸಣ್ಣ ಮೀಟರ್ ಒಂದನ್ನೂ ಇಟ್ಟೆ. ಹೊರಗೆ 92 ಶೇಕಡಾ ಇದ್ದ ದಿನ, ಬಲ್ಬ್ ಇಲ್ಲದೆ ಒಳಗೆ 86. ಜೀರೋ ವಾಟ್ ಎಂದು ಕರೆಯುವ ಬಲ್ಬ್ ಹಾಕಿದಾಗ, ಅದು ಹೆಸರಿಗೆ ಸೊನ್ನೆಯಾದರೂ ಸುಮಾರು 15 ವಾಟ್ ತಿನ್ನುತ್ತದೆ, 80ಕ್ಕೆ ಇಳಿಯಿತು. ಹಳೆಯ ಮಾದರಿಯ 40 ವಾಟ್ ಬಲ್ಬ್ ಹಾಕಿದ ಮರುದಿನ 66. ಗಾಳಿಯಲ್ಲಿರುವ ನೀರು ಎಲ್ಲಿಗೂ ಹೋಗಿಲ್ಲ, ಗಾಳಿ ಐದಾರು ಡಿಗ್ರಿ ಬೆಚ್ಚಗಾಗಿದೆ ಅಷ್ಟೇ. ಬೆಚ್ಚನೆಯ ಗಾಳಿಗೆ ನೀರನ್ನು ಹಿಡಿದಿಡುವ ಶಕ್ತಿ ಹೆಚ್ಚು, ಕಬ್ಬಿಣದ ಮೇಲೆ ಅದು ಕೂರುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ನಮಗೆ ಬೇಕಾದದ್ದು ಬೆಳಕಲ್ಲ, ಕಾವು. ಬಲ್ಬಿನ ಸುತ್ತ ಲೋಹದ ಜಾಲರಿ ಕಟ್ಟಿ, ಮರದಿಂದ ಒಂದು ಗೇಣು ದೂರ ಇಟ್ಟು, ವಯರಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿದೆ. ಇದರಲ್ಲಿ ಮಾತ್ರ ಉಳಿತಾಯ ನೋಡಬಾರದು. ದಿನಕ್ಕೆ ಒಂದು ಯೂನಿಟ್ ಹತ್ತಿರ ವಿದ್ಯುತ್ ಖರ್ಚಾಗುತ್ತದೆ, ಮಳೆಗಾಲದ ನಾಲ್ಕು ತಿಂಗಳಿಗೆ 115 ಯೂನಿಟ್. ಅಲ್ಲಿಂದ ಈಚೆಗೆ ನಾಲ್ಕು ಮಳೆಗಾಲಗಳಲ್ಲಿ ಈ ಡ್ರಾಯರ್‌ಗಳೊಳಗೆ ಒಂದು ಹೊಸ ಸ್ಕ್ರೂ ಕೂಡ ಕೆಂಪಾಗಿಲ್ಲ. ಕಣಜ ಬಂದು ಡ್ರಾಯರ್ ಸಂದಿನಲ್ಲಿ ಮಣ್ಣಿನ ಗೂಡು ಕಟ್ಟುವುದೂ, ಹಲ್ಲಿ ಮೊಟ್ಟೆ ಇಡುವುದೂ ನಿಂತಿತು.

ಇನ್ನು ತುಂಬುವ ಕ್ರಮ. ಮೊದಲು ನಾನು ಹಾರ್ಡ್‌ವೇರ್ ಅಂಗಡಿಯವರಂತೆ ಜಾತಿವಾರು ವಿಂಗಡಿಸಿದ್ದೆ. ಒಂದರಲ್ಲಿ ಕೊಕ್ಕೆ, ಒಂದರಲ್ಲಿ ಚಿಲಕದ ಕಡ್ಡಿ, ಇನ್ನೊಂದರಲ್ಲಿ ನಂಬರ್ 8ರ ಹಿತ್ತಾಳೆ ಸ್ಕ್ರೂ. ನೋಡಲು ಬಹಳ ಚೆಂದ. ಪಡಸಾಲೆಯ ಎರಡು ಕಿಟಕಿಗಳನ್ನು ಜೋಡಿಸಲು ಕೂತಾಗ ಅದರ ಫಲ ಗೊತ್ತಾಯಿತು. ಹಳೆಯ ಬಿಜಾಗರಿಗಳು ಕೈಯಿಂದ ಅರ ಹಾಕಿ ಮಾಡಿದವು. ಒಂದರ ತೂತು ಇನ್ನೊಂದರಂತೆ ಇಲ್ಲ, ಮರದಲ್ಲಿರುವ ತೂತುಗಳೂ ಆಯಾ ಬಿಜಾಗರಿಗೆ ಒಗ್ಗಿಕೊಂಡಿರುತ್ತವೆ. ಹದಿನಾರೂ ಕಲೆತುಹೋಗಿದ್ದವು. ಕದಗಳು ಮುಚ್ಚಲಿಲ್ಲ. ನಾಲ್ಕು ದಿನ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

ನಮ್ಮ ಮರಗೆಲಸದ ಆಚಾರ್ಯರು ಅದೇ ವಾರ ಬಂದರು. ಎಪ್ಪತ್ತು ದಾಟಿದವರು, ಈ ಮನೆಯ ಮಾಡಿಗೆ ಅವರ ತಂದೆಯೂ ಕೆಲಸ ಮಾಡಿದ್ದರಂತೆ. ಪ್ರತಿ ಕಿಟಕಿಗೂ ಸಂಖ್ಯೆ ಬರೆಯಬೇಕೆಂದು ನಾನು ಬಣ್ಣದ ಡಬ್ಬಿ ತಂದಿಟ್ಟಿದ್ದೆ. ಅವರು ಚೌಕಟ್ಟಿನ ಒಳಬದಿಯನ್ನು ಬೆರಳಿನಿಂದ ಸವರಿ ನೋಡಿ ಹೇಳಿದರು: “ಟೀಚರೇ, ನೀವು ನಂಬರ್ ಹಾಕುವುದು ಬೇಡ. ಹಾಕಿದವರು ಹಾಕಿಯೇ ಹೋಗಿದ್ದಾರೆ.” ಟಾರ್ಚ್ ಹಿಡಿದು ನೋಡಿದೆ. ಬಿಜಾಗರಿ ಕೂರುವ ತಗ್ಗಿನ ಪಕ್ಕದಲ್ಲಿ ಉಳಿಯಿಂದ ಕೊರೆದ ಸಣ್ಣ ಗೀರುಗಳು. ಒಂದು ಕಿಟಕಿಗೆ ಮೂರು, ಪಕ್ಕದ್ದಕ್ಕೆ ನಾಲ್ಕು, ಐದಕ್ಕೆ ಓರೆಯಾದ ಒಂದು ಗೀರು. ಕದದ ಮೇಲೂ ಅದೇ ಲೆಕ್ಕ. ಕೊಟ್ಟಿಗೆಯಲ್ಲಿ ಕದಗಳನ್ನು ಮಾಡಿ, ಹೊತ್ತು ತಂದು, ಯಾವುದು ಎಲ್ಲಿಗೆ ಎಂದು ತಪ್ಪದಿರಲು ಅವರು ಮಾಡಿಕೊಂಡ ಗುರುತು. ಬಣ್ಣದ ಪದರಗಳ ಕೆಳಗೆ ಇಷ್ಟು ವರ್ಷ ಅದು ಹಾಗೆಯೇ ಇತ್ತು. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಂದು ಸಂಜೆಯೇ ಡ್ರಾಯರ್‌ಗಳನ್ನೆಲ್ಲ ಖಾಲಿ ಮಾಡಿದೆ. 1ರಿಂದ 19ರವರೆಗೆ ಕಿಟಕಿಗಳಿಗೆ, 20ರಿಂದ 30ರವರೆಗೆ ಬಾಗಿಲುಗಳಿಗೆ. 19ಕ್ಕೆ 11 ಕೂಡಿಸಿದರೆ 30, ಸಣ್ಣ ಡ್ರಾಯರ್‌ಗಳೂ ಮೂವತ್ತು. ಎಣಿಸಿ ಕೊಂಡದ್ದಲ್ಲ, ತಾನಾಗಿ ಕೂಡಿ ಬಂತು. ಒಡೆದ ಡ್ರಾಯರ್‌ಗಳ ಖಾನೆಗಳಲ್ಲಿ ಅದೇ ಅಳತೆಗೆ ಮಡಚಿದ ತಗಡಿನ ತಟ್ಟೆಗಳಿವೆ. ಕಿಟಕಿ ಬಿಚ್ಚಿದಾಗ ಅದರ ಸ್ಕ್ರೂ, ಕೊಕ್ಕೆ, ಕಡ್ಡಿ ಎಲ್ಲ ಅದರದೇ ಡ್ರಾಯರ್‌ಗೆ ಹೋಗುತ್ತವೆ, ಬಿಜಾಗರಿಗಳನ್ನು ಮೇಲಿನಿಂದ ಕೆಳಕ್ಕೆ ಬರುವ ಕ್ರಮದಲ್ಲಿ ತಾಮ್ರದ ತಂತಿಗೆ ಪೋಣಿಸಿ ಮೇಲಿನ ಹಲಗೆಗೆ ತೂಗುಹಾಕುತ್ತೇನೆ. ಕೆಳಗಿನ ಆರು ದೊಡ್ಡ ಡ್ರಾಯರ್‌ಗಳಲ್ಲಿ ಮಾತ್ರ ಹೊಸ ಸಾಮಾನು, ಅವನ್ನು ಜಾತಿವಾರು ಇಟ್ಟಿದ್ದೇನೆ. ಮಾರುವವರಿಗೆ ಜಾತಿವಾರು ಸರಿ, ಏಕೆಂದರೆ ಅವರಲ್ಲಿರುವ ಎಲ್ಲ ಸ್ಕ್ರೂಗಳೂ ಒಂದೇ. ಹಳೆಯ ಮನೆಯಲ್ಲಿ ಎರಡು ಸ್ಕ್ರೂ ಒಂದೇ ಅಲ್ಲ. ಪಾರದರ್ಶಕ ಡ್ರಾಯರ್‌ಗಳ ಉಪಯೋಗ ಆಗ ಕಂಡಿತು: ಕಿಟಕಿ ಮುಗಿದರೆ ಡ್ರಾಯರ್ ಖಾಲಿ. ಕಪಾಟಿನ ಬಾಗಿಲು ತೆರೆದರೆ ಕೆಲಸ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕದೆ ಕಾಣುತ್ತದೆ.

ಹೆಸರಿನ ಚೀಟಿಗಳ ವಿಷಯದಲ್ಲಿ ಈ ಕಪಾಟು ತೀರ ಕಳಪೆ. ಜೊತೆಗೆ ಬಂದ ಕಾಗದದ ಚೀಟಿಗಳು ಮೊದಲ ಜುಲೈನಲ್ಲಿ ಸುರುಳಿಯಾದವು, ಅಂಟು ಟೇಪು ಜಾರಿತು, ಮಾರ್ಕರ್ ಬರಹ ಉಜ್ಜಿದಲ್ಲೆಲ್ಲ ಅಳಿಸಿತು. ಈಗ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಗಳನ್ನು ಕತ್ತರಿಸಿ, ಅಂಚು ಮಡಚಿ, ಮೊಳೆಯ ತುದಿಯಿಂದ ಅಂಕೆ ಒತ್ತಿ, ಡ್ರಾಯರ್‌ನ ಹಿಡಿಗೆ ತಂತಿಯಿಂದ ಕಟ್ಟಿದ್ದೇನೆ. ಇನ್ನೂ ಓದಲು ಬರುತ್ತವೆ.

ಹಿತ್ತಾಳೆಯ ಸಾಮಾನು ಉಳಿಸುವವರಿಗೆ ಎರಡು ಮಾತು, ಕಪಾಟಿಗೆ ನೇರ ಸಂಬಂಧ ಇಲ್ಲದಿದ್ದರೂ. ಹಿತ್ತಾಳೆ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹಾಕಬೇಡಿ. ಉಪ್ಪುಗಾಳಿಯಲ್ಲಿ ಎರಡು ಲೋಹಗಳ ನಡುವೆ ಕಬ್ಬಿಣವೇ ಬೇಗ ಸವೆಯುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಯಾರೋ ಹಾಗೆ ಮಾಡಿದ್ದರಿಂದ ಸ್ಕ್ರೂಗಳ ತಲೆ ಮಾತ್ರ ಉಳಿದಿತ್ತು. ಸೀಳುತಲೆಯ ಹಿತ್ತಾಳೆ ಸ್ಕ್ರೂಗಳು ಉಡುಪಿಯಲ್ಲಿ ನನಗೆ ಸಿಗಲಿಲ್ಲ, ಮಂಗಳೂರಿನ ಬಂದರು ಪೇಟೆಯ ಸಗಟು ಅಂಗಡಿಯಲ್ಲಿ ಸಿಕ್ಕವು. ಹಿತ್ತಾಳೆ ಮೆದು, ಗಟ್ಟಿ ಮರದಲ್ಲಿ ತಿರುಗಿಸುವಾಗ ಕತ್ತು ಮುರಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಿ. ಕಿಲುಬು ಬಿಡಿಸಲು ಹಿತ್ತಿಲಿನ ಹುಳಿ ಕಾಯಿ ಬಿಂಬುಳಿ ಸಾಕು. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ. ಜಜ್ಜಿದ ಬಿಂಬುಳಿಯಲ್ಲಿ ಅರ್ಧ ಗಂಟೆ ಇಟ್ಟು, ತೆಂಗಿನ ನಾರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಬಿಸಿಲಿಗೆ ಹಾಕಿ.

ಮತ್ತೆ ಕೊಳ್ಳುತ್ತೀರಾ ಎಂದು ತಂಗಿ ಕೇಳಿದಳು, ಅವಳ ಮನೆ ಮಣಿಪಾಲದಲ್ಲಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಇದೇ ಕಪಾಟು ಕೊಳ್ಳಬಹುದು, ಆದರೆ ಮಳೆ ಎರಚುವ ಕಡೆ ಇಡಬೇಡ ಎಂದೆ. ನನ್ನಂತೆ ವರ್ಷಗಟ್ಟಲೆ ಎಳೆಯುವ ಮನೆಕೆಲಸ ಹಿಡಿದವರು ಅಂಕೆ 5ರ ಡ್ರಾಯರ್ ಇರುವುದನ್ನು ಹುಡುಕಿ, ಬಿಡಿ ಡ್ರಾಯರ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಕೊಂಡ ದಿನವೇ ಮರದ ಕಪಾಟಿನೊಳಗೆ ಇಡಬೇಕು. ಕಪಾಟು ಇಲ್ಲದಿದ್ದರೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಕೊಳ್ಳಿ. ಪ್ಲಾಸ್ಟಿಕ್ಕಿಗೆ ಕೊಟ್ಟ ಹಣಕ್ಕಿಂತ ಆ ಹಣ ಹೆಚ್ಚು ಸಾರ್ಥಕ.

ಈಗ 17 ಕಿಟಕಿಗಳು ಮುಗಿದಿವೆ. ಕಿಟಕಿಗಳ ಡ್ರಾಯರ್‌ಗಳಲ್ಲಿ 18 ಮತ್ತು 19 ಮಾತ್ರ ತುಂಬಿವೆ, ಎರಡೂ ಪಡುಗಾಳಿ ಬಡಿಯುವ ಬದಿಯವು. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಆಗ ಕೀಸಿದರೆ ಜನವರಿಯಲ್ಲಿ ಸಂದು ಬಿಡುತ್ತದೆ ಎಂದು ಆಚಾರ್ಯರು ಅವನ್ನು ಮುಟ್ಟಲು ಒಪ್ಪಿರಲಿಲ್ಲ. ಡಿಸೆಂಬರ್‌ನಲ್ಲಿ ಬರುತ್ತೇನೆ ಎಂದಿದ್ದಾರೆ. 18ರಲ್ಲಿ ಒಂದು ಕೊಕ್ಕೆ ಕಡಿಮೆ ಇದೆ, ನೆರೆಯ ಕೆಸರಿನಲ್ಲಿ ಸಿಗದೆ ಹೋದದ್ದು. ಅದರ ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಎರಕ ಹೊಯ್ಯುವವರಿಗೆ ತೋರಿಸಿ ಅಂಥದೇ ಇನ್ನೊಂದನ್ನು ಮಾಡಿಸಬೇಕು.